ಬಾವಿಯೊಳಗಿನ ಬೆಣಚುಕಲ್ಲು

ಜನವರಿ 9, 2025. ಗುರುವಾರ. ಹುಣಸೂರು.

ಬೆಳಗಿನ ಬಿ.ಪಿ. 140/90. ಮಾತ್ರೆ ತೆಗೆದುಕೊಂಡೆ. ಎರಡು ಕೆ.ಜಿ. ಅವರೆಕಾಯಿ ಬಿಡಿಸಿ ಮುಗಿಸುವಷ್ಟರಲ್ಲಿ ಹನ್ನೊಂದು. ಇವರು ವಾಕಿಂಗ್ ಮುಗಿಸಿ ಬಂದು ಪೇಪರ್ ಹಿಡಿದು ಕೂತರು. ಕಾಯಿ ಬಿಡಿಸಲು ಕೈಹಾಕುವುದಿಲ್ಲ, ಉಪ್ಪಿಟ್ಟು ಮಾತ್ರ ಬೇಕು.

ಹನ್ನೊಂದೂವರೆಗೆ ಗೊತ್ತಿಲ್ಲದ ನಂಬರಿನಿಂದ ಫೋನ್. ಬೃಂದಾ ಎಂದು ಹೆಸರು. ಮೈಸೂರಿನಲ್ಲಿ ಭೂವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಎಚ್.ಡಿ. ಕೋಟೆ ತಾಲ್ಲೂಕಿನ ಬಂಡೆಗಳ ಮೇಲೆ ಕೆಲಸ. ನಾನು ಇಲಾಖೆಯಲ್ಲಿದ್ದಾಗ ಮಾಡಿದ 1988ರ ಬಂಡೆ ನಕ್ಷೆಯನ್ನೇ ಹಿಡಿದುಕೊಂಡು ಓಡಾಡುತ್ತಿದ್ದಾಳಂತೆ. ರಿಟೈರ್ ಆಗಿ ನಾಲ್ಕು ವರ್ಷವಾಯಿತು, ಆ ನಕ್ಷೆಯ ಮಾತು ಯಾರೂ ಎತ್ತಿರಲಿಲ್ಲ. ಖುಷಿಯಾಯಿತು. ಆಮೇಲೆ ಮೆಲ್ಲಗೆ ಹೇಳಿದಳು.

"ಮೇಡಂ, ನಕ್ಷೆಯ ಪಕ್ಕದ ಪಟ್ಟಿಯಲ್ಲಿ ನೀವು ಬೂದು ನೈಸ್ ಬಂಡೇನ ಎಲ್ಲಕ್ಕಿಂತ ಹಳೇದು ಅಂತ ಕೆಳಗೆ ಹಾಕಿದೀರ. ಕರಿಕಲ್ಲನ್ನ ಅದರ ಮೇಲೆ. ನನಗೆ ಉಲ್ಟಾ ಕಾಣಿಸ್ತಿದೆ."

ಎಲ್ಲಿ ಎಂದೆ. ಹ್ಯಾಂಡ್‌ಪೋಸ್ಟ್‌ನಿಂದ ಮೂರು ಕಿಲೋಮೀಟರ್ ಒಳಗೆ, ಚಲುವಯ್ಯ ಅನ್ನೋರ ಹೊಲದ ಹಳೇ ಬಾವಿಯಲ್ಲಿ ಎಂದಳು.

"ಬಾವಿ ಕಲ್ಲನ್ನ ನಂಬಬೇಡಮ್ಮ. ಮದ್ದು ಇಟ್ಟು ಒಡೆದಿರ್ತಾರೆ. ಮೇಲಿಂದ ಏನೇನೋ ಬಿದ್ದಿರುತ್ತೆ."

"ಇದು ಬಿದ್ದಿರೋದಲ್ಲ ಮೇಡಂ. ಗೋಡೆಯಲ್ಲೇ ಇದೆ. ಬಂದು ನೋಡ್ತೀರಾ? ಯುಗಾದಿ ಒಳಗೆ ಬಾವಿ ಮುಚ್ಚಿಸ್ತಾರಂತೆ."

ಸಂಕ್ರಾಂತಿ ಆಗಲಿ ಎಂದೆ.

ಅಷ್ಟು ಬೇಗ ಉತ್ತರ ಕೊಡಬಾರದಿತ್ತು. ಬಿದ್ದ ಕಲ್ಲಿನ ವಿಷಯ.

ಜನವರಿ 10

ಅವರೆಕಾಳಿನ ಉಪ್ಪಿಟ್ಟು. ನಿನ್ನೆ ಫೋನಿನಲ್ಲಿ ಯಾರು, ಮುಖ ಯಾಕೆ ಹಾಗಾಯಿತು ಎಂದು ಇವರು ಕೇಳಿದರು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವರು. ಕಲ್ಲೆಂದರೆ ಕಲ್ಲು. ತಟ್ಟೆ ತೋರಿಸಿಯೇ ಹೇಳಿದೆ. ಈ ಕಾಳು ಉಪ್ಪಿಟ್ಟಿನೊಳಗೆ ಸಿಕ್ಕಿಕೊಂಡಿದೆ. ಅಂದರೆ ಉಪ್ಪಿಟ್ಟು ಆಗುವ ಮೊದಲೇ ಕಾಳು ಇತ್ತು. ಬಂಡೆಯೂ ಅಷ್ಟೆ. ಕರಗಿ ನುಗ್ಗಿ ಆರಿದ ಬಂಡೆಯೊಳಗೆ ಇನ್ನೊಂದು ಬಂಡೆಯ ತುಂಡು ಸಿಕ್ಕರೆ, ಆ ತುಂಡೇ ಹಳೆಯದು. ಎಷ್ಟು ವರ್ಷ ಹಳೆಯದು ಎಂದು ಗೊತ್ತಾಗದಿದ್ದರೂ ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತಾಗುತ್ತದೆ.

"ಮತ್ತೆ ನೀನು ಉಲ್ಟಾ ಯಾಕೆ ಹಾಕಿದೆ?"

ಹೇಳಿದೆ. ಅಲ್ಲಿ ಗುಡ್ಡದ ಮೇಲೆಲ್ಲ ಕರಿಕಲ್ಲು, ಬುಡದಲ್ಲೆಲ್ಲ ನೈಸ್ ಎನ್ನುವ ಬೂದುಪಟ್ಟೆಯ ಬಂಡೆ. ಕೆಳಗಿರುವುದು ಹಳೆಯದು. ನೀರಿನಡಿಯಲ್ಲಿ ಒಂದರ ಮೇಲೊಂದು ಕೂತ ಪದರಗಳಿಗೆ ಅದು ಸರಿಯಾದ ಮಾತು. ಕೆಳಗಿನಿಂದ ಕರಗಿ ನುಗ್ಗಿದ ಬಂಡೆಗೆ ಅದು ಹೊಂದುವುದಿಲ್ಲ. ನೈಸ್ ಹಾಗೆ ನುಗ್ಗಿದ್ದು ಎನ್ನಲು ಆಗ ನನ್ನ ಹತ್ತಿರ ಪುರಾವೆ ಇರಲಿಲ್ಲ. ಅದರೊಳಗೆ ಕರಿ ತುಂಡುಗಳು ಅಲ್ಲಲ್ಲಿ ಇದ್ದವು, ನಿಜ. ಆದರೆ ನೈಸ್ ಬಿರುಕು ಬಿಟ್ಟು, ಆ ಬಿರುಕಿನಲ್ಲಿ ಆಮೇಲೆ ಕರಿಕಲ್ಲು ಹರಿದು ಬಂದು, ಅದು ನುಚ್ಚುನೂರಾಗಿದ್ದರೂ ಹಾಗೇ ಕಾಣುತ್ತದೆ. ವರದಿಯಲ್ಲಿ ಹಾಗೆಂದೇ ಬರೆದೆ.

"ಪುರಾವೆ ಇರಲಿಲ್ಲ ಅಂದ್ಮೇಲೆ ತಪ್ಪೇನು?"

ತಪ್ಪಿಲ್ಲ ಎಂದೆ. ಇನ್ನೊಂದು ಸೌಟು ಹಾಕಿಸಿಕೊಂಡರು.

ಜನವರಿ 17. ಶುಕ್ರವಾರ. ಸಂಜೆ 7.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಬರೆಯುತ್ತಿದ್ದೇನೆ.

ಬೆಳಿಗ್ಗೆ ಎಂಟರ ಬಸ್ಸು. ಹ್ಯಾಂಡ್‌ಪೋಸ್ಟ್‌ನಲ್ಲಿ ಇಳಿಯುವಷ್ಟರಲ್ಲಿ ಬಿಸಿಲು ಏರಿತ್ತು. ಬೃಂದಾ ಸ್ಕೂಟರ್ ಹಿಡಿದು ನಿಂತಿದ್ದಳು. ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಟೋಪಿ, ಬ್ಯಾಗಿನ ಪಕ್ಕದಲ್ಲಿ ಸುತ್ತಿಗೆ. ನಾನು ನಕ್ಷೆ ಮಾಡಿದಾಗಿನ ವಯಸ್ಸು. ಆಗ ನನಗೆ ಇಲಾಖೆಯ ಜೀಪು ಇತ್ತು, ಡ್ರೈವರ್ ಇದ್ದ. ಇವಳು ಪೆಟ್ರೋಲನ್ನೂ ತನ್ನ ದುಡ್ಡಿನಲ್ಲೇ ಹಾಕಿಸಿಕೊಳ್ಳುತ್ತಾಳೆ.

ಚಲುವಯ್ಯನಿಗೆ ಅರವತ್ತು ದಾಟಿದೆ. ಮೊದಲು ಗುರುತು ಹತ್ತಲಿಲ್ಲ, ಆಮೇಲೆ ಅವನೇ ಹಿಡಿದ. "ಓ, ಜೀಪ್ ಮೇಡಮ್ಮೋರು." ಅವನ ಹೆಂಡತಿ ಮಾಯಮ್ಮ ಮಜ್ಜಿಗೆ ಕೊಟ್ಟಳು. ಬೋರ್ ಹಾಕಿಸಿದ ಮೇಲೆ ಬಾವಿಯಲ್ಲಿ ನೀರಿಲ್ಲ, ಹನ್ನೆರಡು ವರ್ಷವಾಯಿತಂತೆ. ಹೊಲವನ್ನು ಶುಂಠಿ ಹಾಕಲು ಕೇರಳದವರಿಗೆ ಗುತ್ತಿಗೆ ಕೊಟ್ಟಿದ್ದಾನೆ. ಅವರಿಗೆ ನೆಲ ಮಟ್ಟವಾಗಬೇಕು.

"ಮುಚ್ಚೋಕೆ ನಂಗೂ ಮನ್ಸಿಲ್ಲ ಕಣಮ್ಮ. ನಮ್ಮಪ್ಪ ತೋಡ್ಸಿದ್ದು. ಆದ್ರೆ ಹೋದ್ ತಿಂಗ್ಳು ಮೇಕೆ ಬಿತ್ತು. ನಾಳೆ ಮನುಸ್ರು ಬಿದ್ರೆ?"

ಅರ್ಧದವರೆಗೆ ಗೋಡೆಯಿಂದ ಚಾಚಿದ ಕಲ್ಲಿನ ಮೆಟ್ಟಿಲು. ಆಮೇಲೆ ಬೃಂದಾ ಕಟ್ಟಿಸಿದ ಕಬ್ಬಿಣದ ಏಣಿ. ಸೊಂಟಕ್ಕೆ ಹಗ್ಗ ಬಿಗಿದು, ಮೇಲೆ ಚಲುವಯ್ಯ ಹಿಡಿದ. ಅರವತ್ನಾಲ್ಕು ವರ್ಷಕ್ಕೆ ಇದೆಲ್ಲ ಬೇಕಿತ್ತಾ ಎಂದುಕೊಳ್ಳುತ್ತ ಇಳಿದೆ.

ಹದಿನೆಂಟು ಅಡಿ ಕೆಳಗೆ, ಪೂರ್ವದ ಗೋಡೆ. ಪಾಚಿ ಉಜ್ಜಿ ತೊಳೆದಿಟ್ಟಿದ್ದಳು. ಬೃಂದಾ ಒಂದು ಮಗ್ ನೀರು ಎರಚಿ ಪಕ್ಕಕ್ಕೆ ನಿಂತಳು. ಒಳ್ಳೆಯ ಹುಡುಗಿ.

ಬೂದು ನೈಸಿನ ಮಧ್ಯೆ ಕರಿ ತುಂಡುಗಳು, ದಿಂಬಿನಷ್ಟು ದೊಡ್ಡವು. ಪ್ರತಿ ತುಂಡಿನೊಳಗೂ ಸಣ್ಣ ಸಣ್ಣ ಗೆರೆ. ಒಂದರಲ್ಲಿ ಗೆರೆ ಉದ್ದಕ್ಕೆ, ಪಕ್ಕದ್ದರಲ್ಲಿ ಅಡ್ಡಕ್ಕೆ, ಇನ್ನೊಂದರಲ್ಲಿ ಓರೆ. ಅಂಚಿಗೆ ಬಂದ ಕೂಡಲೇ ಕತ್ತರಿಸಿದಂತೆ ನಿಲ್ಲುತ್ತವೆ. ಅಂದರೆ ಗೆರೆ ಮೂಡಿದ ಮೇಲೆ ಬಂಡೆ ಒಡೆದಿದೆ, ಒಡೆದ ತುಂಡುಗಳು ತಿರುಗಿವೆ, ಆಮೇಲೆ ನೈಸ್ ಸುತ್ತುವರಿದಿದೆ. ಒಂದು ಕರಿ ತುಂಡಿನ ನಡುವೆಯೇ ಬೂದುಕಲ್ಲಿನ ಎಳೆ ಬೆರಳಗಲ ನುಗ್ಗಿದೆ. ಕೊಯ್ದದ್ದು ಆಮೇಲಿನದು, ಕೊಯ್ಯಿಸಿಕೊಂಡದ್ದು ಮೊದಲಿನದು.

ಇಷ್ಟಿದ್ದರೂ ನಾನು ವಾದ ಮಾಡಬಲ್ಲೆ. ಆದರೆ ಅದರ ಕೆಳಗೆ ಮೊಳದುದ್ದದ ಬಿಳಿ ತುಂಡು. ಬೆಣಚುಕಲ್ಲು. ಸಾಲು ಸಾಲಾಗಿ ಹಸಿರು ಅಭ್ರಕದ ಮಿನುಗು. ಒಂದು ಕಾಲಕ್ಕೆ ಪದರ ಪದರವಾಗಿ ಕೂತ ಮರಳು ಅದು. ಕರಿಕಲ್ಲು ಬಿರುಕಿನಲ್ಲಿ ಹರಿದು ಬಂತು ಎನ್ನಬಹುದು. ಮರಳು ಹಾಗೆ ಹರಿದು ಬರುವುದಿಲ್ಲ. ಅದು ಮೊದಲೇ ಅಲ್ಲಿ ಇದ್ದಿರಬೇಕು, ನೈಸ್ ಆಮೇಲೆ ಬಂದಿರಬೇಕು.

ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದೆ. ನೋಡಲು ಅಷ್ಟು ಹೊತ್ತು ಬೇಕಿರಲಿಲ್ಲ.

"ನೀನು ಹೇಳಿದ್ದು ಸರಿ," ಎಂದೆ.

ಮೇಲೆ ಹತ್ತಿದ ಮೇಲೆ ಚಲುವಯ್ಯ ಹಗ್ಗ ಬಿಚ್ಚುತ್ತ ಹೇಳಿದ, "ಆವತ್ತೂ ನಿಮ್ ಜೊತೇಲಿ ಬಂದಿದ್ರಲ್ಲ, ಸಣ್ಣಕ್ಕಿದ್ರು, ಅವ್ರು ಇಳ್ದಿದ್ರು. ಇದೇ ಗೋಡೆ ತಾವ ಒಂದ್ ಗಂಟೆ ಇದ್ರು. ನೀವು ಜೀಪಲ್ಲೇ ಕುಂತಿದ್ರಿ."

ಯಾರು ಮೇಡಂ ಎಂದು ಬೃಂದಾ ಕೇಳಿದಳು.

"ಒಬ್ಬ ಸಹಾಯಕ," ಎಂದೆ.

ಜನವರಿ 18. ಬೆಳಿಗ್ಗೆ.

ಸಹಾಯಕ ಎಂದುಬಿಟ್ಟೆ. ಸಹಾಯಕ ಅಲ್ಲ, ಎಂ.ಎಸ್ಸಿ. ಮಾಡಿದ ಭೂವಿಜ್ಞಾನಿ. ಮಹದೇವಪ್ಪ. ಹೆಸರು ಮರೆತಿರಲಿಲ್ಲ.

ಜನವರಿ 19

ಅಟ್ಟದ ಟ್ರಂಕ್ ಇಳಿಸಿಕೊಟ್ಟರು ಇವರು. ಧೂಳಿಗೆ ಸೀನಿ ಸೀನಿ ಸಾಕಾಯಿತು. 1988ರ ಕ್ಷೇತ್ರ ಪುಸ್ತಕ ಸಿಕ್ಕಿತು. ಹಸಿರು ರಟ್ಟು, ಗೆದ್ದಲು ಒಂದು ಮೂಲೆ ತಿಂದಿದೆ.

ಮಾರ್ಚ್ 11ರ ಪುಟ. ನನ್ನದೇ ಅಕ್ಷರ —

'ಹೊಸ ಬಾವಿ, ತೋಡುತ್ತಿದ್ದಾರೆ. ಮಹದೇವಪ್ಪ ಇಳಿದ. ಕರಿ ತುಂಡುಗಳ ಜೊತೆ ಬೆಣಚುಕಲ್ಲಿನ ತುಂಡೂ ನೈಸಿನೊಳಗೆ ಇದೆ ಎನ್ನುತ್ತಾನೆ. ಮಾದರಿ 114 ತಂದ. ಮೇಲಿನಿಂದ ಬಿದ್ದ ಕಲ್ಲು.'

ಕೊನೆಯ ಮೂರು ಪದ ಮಾತ್ರ ಶಾಯಿಯಲ್ಲಿವೆ. ಹೊಲದಲ್ಲಿ ಪೆನ್ಸಿಲ್ ಬಳಸುತ್ತಿದ್ದೆವು. ಇವು ನೀಲಿ ಪೆನ್ನು. ಆಫೀಸಿನಲ್ಲಿ ಕೂತು ಆಮೇಲೆ ಸೇರಿಸಿದ್ದು.

ಪುರಾವೆ ಇರಲಿಲ್ಲ ಎಂದು ಇವರಿಗೆ ಹೇಳಿದ್ದೆನಲ್ಲ. ಪುರಾವೆಗೆ ನಂಬರ್ ಕೂಡ ಕೊಟ್ಟಿದ್ದೆ.

ಫೆಬ್ರವರಿ 2. ಭಾನುವಾರ.

ಎರಡು ವಾರ ಬರೆಯಲಿಲ್ಲ. ಬಿ.ಪಿ. ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಬೃಂದಾಳ ಫೋನ್ ನಾಲ್ಕು ಸಲ ಬಂತು. ಎತ್ತಲಿಲ್ಲ.

ಇವತ್ತು ಇವರೇ ಕೇಳಿದರು. ಟ್ರಂಕ್ ಇನ್ನೂ ಹಾಲಿನಲ್ಲೇ ಇದೆ, ಕಾಲಿಗೆ ತಗಲುತ್ತೆ, ಏನು ಅದು ಅಂತ. ಪುಸ್ತಕದ ಪುಟ ತೋರಿಸಿದೆ. ಮಹದೇವಪ್ಪನ ವಿಷಯ ಹೇಳಿದೆ. ಪಿರಿಯಾಪಟ್ಟಣದ ಕಡೆಯವನು. ಹಂಗಾಮಿ ಕೆಲಸ, ಎರಡು ವರ್ಷದ್ದು. ಆಮೇಲೆ ಮುಂದುವರಿಯಲಿಲ್ಲ. ಮೇಷ್ಟ್ರಾದ ಎಂದು ಯಾರೋ ಹೇಳಿದ್ದರು.

"ಯಾಕೆ ಮುಂದುವರೀಲಿಲ್ಲ?"

"ಹಂಗಾಮಿ ಅಂದ್ರೆ ಹಾಗೇ."

ಇವರು ಕನ್ನಡಕ ತೆಗೆದು ಒರೆಸಿದರು. ನಲವತ್ತು ವರ್ಷದಿಂದ ನೋಡುತ್ತಿದ್ದೇನೆ. ನನ್ನ ಮಾತು ನಂಬದಿದ್ದಾಗ ಶಿವಶಂಕರ ಮಾಡುವುದು ಇದೇ.

"ಎಲ್ಲಿದಾರೋ ವಿಚಾರಿಸು. ಹೋಗಿ ಬಾ. ಟ್ರಂಕ್ ಆಮೇಲೆ ಎತ್ತಿಡೋಣ."

ಫೆಬ್ರವರಿ 6. ಗುರುವಾರ. ರಾತ್ರಿ ಊಟಕ್ಕೆ ಮೊದಲು.

ಊರು ವಿಚಾರಿಸಿಕೊಂಡು ಹೋದೆ. ಕಂಪಲಾಪುರದಲ್ಲಿ ಕೇಳಿದ ಮೊದಲ ಅಂಗಡಿಯವನೇ ದಾರಿ ತೋರಿಸಿದ. "ಸೈನ್ಸ್ ಮೇಷ್ಟ್ರ ಮನೇನಾ? ನಂಗೂ ಪಾಠ ಮಾಡವ್ರೆ." ಹೋದ ವರ್ಷ ರಿಟೈರ್ ಆದರಂತೆ. ತಾರಸಿ ಮನೆ, ಮುಂದೆ ದಾಸವಾಳ, ಕಾಂಪೌಂಡಿನ ಮೇಲೆ ಸಾಲಾಗಿ ಕಲ್ಲುಗಳು. ಮಕ್ಕಳು ತಂದುಕೊಟ್ಟ ಕಲ್ಲಿರಬೇಕು.

ಬಾಗಿಲು ತೆಗೆದವರು ಅವರ ಹೆಂಡತಿ ಚಾಮುಂಡಮ್ಮ. ಯಾರು ಬೇಕಿತ್ತು ಎಂದರು.

"ಮಹದೇವಪ್ಪನವರು. ನಾನು ಸುಕನ್ಯ ಅಂತ. ಹಿಂದೆ ಒಟ್ಟಿಗೆ ಕೆಲಸ ಮಾಡ್ತಿದ್ವಿ."

ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವೇನಾ ಆ ಮೇಡಮ್ಮು." ನಾನು ತಂದಿದ್ದ ಕಿತ್ತಳೆಯ ಚೀಲ ಇಸಿದುಕೊಳ್ಳಲಿಲ್ಲ. ಒಳಗೆ ತಿರುಗಿ, "ರೀ, ನಿಮ್ಮ ಮೇಡಮ್ಮು ಬಂದವ್ರೆ," ಎಂದರು.

ತಲೆ ಪೂರ್ತಿ ಬೆಳ್ಳಗಾಗಿದೆ. ಮೈ ಅದೇ, ತೆಳ್ಳಗೆ. "ಬನ್ನಿ ಮೇಡಂ, ಕೂತ್ಕೊಳಿ," ಎಂದರು, ನಿನ್ನೆ ಬಿಟ್ಟು ಇವತ್ತು ಸಿಕ್ಕವರ ಹಾಗೆ.

ಮಾತು ಎಲ್ಲಿಂದ ಶುರು ಮಾಡುವುದು ತಿಳಿಯದೆ ಫೋನ್ ತೆಗೆದು ಬೃಂದಾ ಕಳಿಸಿದ್ದ ಫೋಟೋ ಕೊಟ್ಟೆ. ಎರಡು ಬೆರಳಲ್ಲಿ ದೊಡ್ಡದು ಮಾಡಿಕೊಂಡು ನೋಡಿದರು. ನೋಡುತ್ತಲೇ ಇದ್ದರು.

"ಪೂರ್ವದ ಗೋಡೆ."

"ಹೌದು."

"ಹಸಿರು ಮಿನುಗು ಇನ್ನೂ ಕಾಣ್ತದಾ?"

"ಕಾಣ್ತದೆ. ನೀರು ಹಾಕಿದ್ರೆ ಚೆನ್ನಾಗಿ ಕಾಣ್ತದೆ."

ಫೋನ್ ಹಿಂದಕ್ಕೆ ಕೊಟ್ಟರು. "ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೆ ಇದೇ ಪಾಠ ಮಾಡ್ತಿದ್ದೆ. ಸ್ಕೂಲ್ ಮುಂದೆ ಕಾಂಕ್ರೀಟ್ ರಸ್ತೆ ಐತಲ್ಲ, ಅಲ್ಲಿಗೆ ಕರ್ಕೊಂಡು ಹೋಗೋದು. ಜಲ್ಲಿ ಮೊದಲಾ, ಕಾಂಕ್ರೀಟ್ ಮೊದಲಾ? ಜಲ್ಲಿ ಸಾರ್. ರಸ್ತೆ ಬಿರುಕು ಬಿಟ್ಟದ್ದು ಯಾವಾಗ? ಕಾಂಕ್ರೀಟ್ ಆದ್ಮೇಲೆ ಸಾರ್. ಬಿರುಕಿಗೆ ಟಾರು ಸುರಿದದ್ದು? ಅದರ ಮೇಲೆ ಸಾರ್. ಆಯ್ತು, ಯಾರೂ ತಾರೀಕು ಹೇಳ್ಲಿಲ್ಲ, ಆದ್ರೂ ನಿಮಗೆ ಗೊತ್ತಾಯ್ತಲ್ಲ ಅಂತಿದ್ದೆ."

ಚೆನ್ನಾಗಿ ಪಾಠ ಮಾಡಿರಬೇಕು. ಕೇಳುತ್ತ ಕೂತಿದ್ದರೆ ನಾನು ಬಂದ ಕೆಲಸವೇ ಮರೆತುಹೋಗುತ್ತಿತ್ತು.

"ಮಹದೇವಪ್ಪನವರೆ, ನೀವು ಹೇಳಿದ್ದೇ ಸರಿ ಇತ್ತು."

"ಅದು ನಂಗೆ ಆವತ್ತೇ ಗೊತ್ತಿತ್ತು ಮೇಡಂ." ದನಿ ಏರಲಿಲ್ಲ.

ಬಾವಿ ಮುಚ್ಚುತ್ತಾರೆ, ಅದಕ್ಕೆ ಮೊದಲು ಬಂದು ನೋಡಿ, ಕಾರು ಮಾಡಿಸುತ್ತೇನೆ ಎಂದೆ.

"ನಾನು ನೋಡಿದೀನಿ. ಇನ್ನೊಂದ್ಸಲ ಯಾಕೆ."

ಚಾಮುಂಡಮ್ಮ ಕಾಫಿ ತಂದಿಟ್ಟರು. ಹೋಗಲಿಲ್ಲ, ಕಂಬಕ್ಕೆ ಒರಗಿ ನಿಂತರು. "ಮದ್ವೆ ಆಗಿ ಮೂರ್ ತಿಂಗ್ಳಿಗೆ ಕೆಲ್ಸ ಹೋಯ್ತು. ಎರಡ್ ವರ್ಸ ಹೊಗೆಸೊಪ್ಪು ಒಣಗ್ಸೋ ಬ್ಯಾರನ್ನಿಗೆ ಸೌದೆ ಹಾಕವ್ರೆ. ಎಮ್ಮೆಸ್ಸಿ ಓದಿದೋರು. ಕೈಯೆಲ್ಲ ಬೊಬ್ಬೆ."

"ಬುಡೇ, ಈಗ್ಯಾಕೆ."

"ಹೇಳ್ಬೇಕು ಕಣ್ರೀ. ಅವ್ರು ಕೇಳೋಕೇ ಬಂದವ್ರೆ."

ಹೌದು, ಅದಕ್ಕೇ ಬಂದೆ ಎಂದೆ. ಇಷ್ಟು ಹೊತ್ತಿಗೆ ಒಂದು ನಿಜ ಹೇಳಿದ ಹಾಗಾಯಿತು. ಅವರು ಕಿತ್ತಳೆ ಚೀಲ ತೆಗೆದುಕೊಂಡು ಒಳಗೆ ಹೋದರು. ಬಿ.ಎಡ್. ಮಾಡಿಸಿದ್ದು ಅವರೇ ಅಂತೆ, ತಮ್ಮ ಓಲೆ ಮಾರಿ.

ಹನ್ನೆರಡೂಕಾಲಿನ ಬಸ್ಸಿಗೆ ಬಂದೆ.

ಫೆಬ್ರವರಿ 7

ನಿನ್ನೆ ಒಂದನ್ನು ಬರೆಯಲಿಲ್ಲ. ಬರೆಯದೆ ಮಲಗಿದೆ, ಸರಿಯಾಗಿ ನಿದ್ದೆ ಬರಲಿಲ್ಲ.

ಬಸ್‌ಸ್ಟಾಪಿನ ತನಕ ಮಹದೇವಪ್ಪನವರು ಬಂದರು. ಬಿಸಿಲಿತ್ತು, ಟವೆಲ್ ತಲೆಗೆ ಹಾಕಿಕೊಂಡಿದ್ದರು. ನೆರಳಲ್ಲಿ ನಿಂತಾಗ ಹೇಳಿದರು —

"ನಕ್ಷೆ ತಪ್ಪಾದ್ದು ದೊಡ್ಡದಲ್ಲ ಮೇಡಂ. ಯಾರಾದ್ರೂ ಒಬ್ಬರು ಬಂದು ತಿದ್ದೇ ತಿದ್ದುತಾರೆ. ನೀವು ಆ ಗೋಪ್ಯ ವರದೀಲಿ ಬರೆದ್ರಲ್ಲ, ನೋಡದೆ ಹೇಳೋ ಅಭ್ಯಾಸ ಐತೆ ಅಂತ. ಗುಮಾಸ್ತರು ತೋರಿಸಿದ್ರು ನಂಗೆ. ನಾನು ನೋಡಿದ್ದೆ ಮೇಡಂ. ನೋಡದೆ ಇದ್ದೋರು ನೀವು."

ಅವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಮೂವತ್ತೇಳು ವರ್ಷ ಹಾಗೇ ಅಂದುಕೊಂಡಿದ್ದೆ.

ಬರೆದದ್ದು ಎರಡು ಸಾಲು. 'ಪ್ರತ್ಯಕ್ಷ ನೋಡದೆ ತೀರ್ಮಾನ ಹೇಳುವ ಅಭ್ಯಾಸವಿದೆ. ಮುಂದುವರಿಸಲು ಶಿಫಾರಸು ಇಲ್ಲ.' ಐದು ನಿಮಿಷದ ಕೆಲಸ. ಅವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಏನು ತಿಂದೆ ಎನ್ನುವುದೂ ನೆನಪಿದೆ. ಪೂರಿ ಸಾಗು.

ಯಾಕೆ ಎಂದು ಅವರು ಕೇಳಲಿಲ್ಲ. ಇಲ್ಲಿ ನಾನೇ ಕೇಳಿಕೊಳ್ಳಬೇಕು. ನನಗೆ ಇಪ್ಪತ್ತೇಳು. ಇಡೀ ಆಫೀಸಿನಲ್ಲಿ ಜೀಪು ಹತ್ತಿ ಹೊಲಕ್ಕೆ ಹೋಗುವ ಹೆಂಗಸು ನಾನೊಬ್ಬಳೇ. ನೈಸೇ ಎಲ್ಲದರ ಬುಡ ಎಂದು ಫೆಬ್ರವರಿಯ ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟಿದ್ದೆ. ಚೆನ್ನಾಗಿ ಹೇಳಿದೆ ಎಂದು ಸಾಹೇಬರು ತಲೆದೂಗಿದ್ದರು. ಮಾರ್ಚ್‌ನಲ್ಲಿ ಮಹದೇವಪ್ಪ ಆ ಬಾವಿಗೆ ಇಳಿದರು. ತಪ್ಪಾಯಿತು ಎಂದರೆ ಹೆಂಗಸಿಗೆ ಕೊಟ್ಟರೆ ಹೀಗೇ ಎನ್ನುತ್ತಾರೆ ಎಂಬ ಹೆದರಿಕೆ. ಹೆದರಿಕೆ ಸುಳ್ಳಲ್ಲ. ಆದರೆ ಅದನ್ನು ಇಳಿಸಲು ಇನ್ನೊಬ್ಬರ ಹೆಗಲು ಹುಡುಕಿದೆ.

ನೀರು ಬರುವ ತನಕ ಹೆಂಗಸರು ಬಾವಿಗೆ ಇಳಿಯಬಾರದು ಎಂದು ಅವತ್ತು ತೋಡುವವರು ಹೇಳಿದ್ದು ನಿಜ. ಬೇರೆ ದಿನವಾಗಿದ್ದರೆ ಜಗಳ ಮಾಡಿ ಇಳಿಯುತ್ತಿದ್ದೆ. ಅವತ್ತು ಸರಿ ಬಿಡಿ ಎಂದು ಜೀಪಿನಲ್ಲಿ ಕೂತೆ.

ಬಸ್ಸು ಬಂತು. ಏನು ಮಾಡಲಿ ಹೇಳಿ ಎಂದೆ.

"ಬರೀರಿ. ಅಚ್ಚಾಗೋ ಕಡೆ ಬರೀರಿ. ಇಲ್ಲಿ ಬಂದು ನನ್ನ ಹತ್ರ ಹೇಳಿದ್ರೆ ನಮ್ಮ ಮನೆಯೋಳಿಗೆ ಮಾತ್ರ ಗೊತ್ತಾಗ್ತದೆ. ಅವಳಿಗೆ ಮೊದಲೇ ಗೊತ್ತು."

ನಿಮ್ಮ ಹೆಸರೂ ಇರಬೇಕು ಎಂದೆ. ಯೋಚನೆ ಮಾಡಿ ಹೇಳುತ್ತೇನೆ ಎಂದರು.

ಇವರಿಗೆ ಎಲ್ಲ ಹೇಳಿದೆ. ಈ ಸಲ ಕನ್ನಡಕ ಒರೆಸಲಿಲ್ಲ. ಟ್ರಂಕ್ ತಾವೇ ಅಟ್ಟಕ್ಕೆ ಏರಿಸಿದರು. ಪುಸ್ತಕ ಹೊರಗೇ ಇರಲಿ ಎಂದರು.

ಫೆಬ್ರವರಿ 27. ಗುರುವಾರ.

ನಿನ್ನೆ ಶಿವರಾತ್ರಿ. ಉಪವಾಸ ಬೇಡವೆಂದು ಡಾಕ್ಟರ್ ಹೇಳಿದ್ದರೂ ಮಧ್ಯಾಹ್ನದ ತನಕ ಇದ್ದೆ.

ಬೃಂದಾಗೆ ಫೋನಿನಲ್ಲಿ ಎಲ್ಲ ಹೇಳಿ ಹದಿನೈದು ದಿನವಾಯಿತು. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, "ಮಾದರಿ 114 ಈಗ ಎಲ್ಲಿದೆ ಮೇಡಂ?" ಗೊತ್ತಿಲ್ಲ. ಗೋದಾಮು ಎರಡು ಸಲ ಬದಲಾಯಿತು. ಸಿಕ್ಕುವುದಿಲ್ಲ. ಅವಳು ಅದೇ ತುಂಡಿನಿಂದ ಹೊಸದು ಕೊಯ್ದಿದ್ದಾಳೆ, ಅಂಟಿದ ನೈಸ್ ಸಮೇತ. ಲ್ಯಾಬಿಗೂ ಕಳಿಸಿದ್ದಾಳೆ. ಎಷ್ಟು ಕೋಟಿ ವರ್ಷ ಎಂಬ ಅಂಕಿ ಬರಲು ವರ್ಷವಾದರೂ ಬೇಕು. ಯಾವುದು ಮೊದಲು ಎನ್ನಲು ಅಂಕಿ ಬೇಕಿಲ್ಲ. ನಾಲ್ಕು ಪುಟದ ಟಿಪ್ಪಣಿ ಬರೆಯುತ್ತಿದ್ದೇವೆ, ಅಚ್ಚು ಹಾಕಲು ಒಂದು ಪತ್ರಿಕೆ ಒಪ್ಪಿದೆ; ಮಹದೇವಪ್ಪನವರೂ ಒಪ್ಪಿದರೆ ಮೂವರ ಹೆಸರು.

ಇವತ್ತು ಮಹದೇವಪ್ಪನವರ ಫೋನ್. ತಾವಾಗಿಯೇ.

"ಹೆಸರು ಹಾಕಿ ಮೇಡಂ. ಆದ್ರೆ ಕರಡು ನಾನು ಓದ್ಬೇಕು. ತಿದ್ದುತೀನಿ."

"ತಿದ್ದಿ."

"ಬೇಜಾರಾಗಬಾರದು."

ಆಗುವುದಿಲ್ಲ ಎಂದೆ. ಅದು ಹೇಗೆ ಹೇಳಿದೆನೋ.

ಮಾರ್ಚ್ 14. ಶುಕ್ರವಾರ.

ಬಾವಿ ಮುಚ್ಚಿದರು. ನಾನು ಹೋಗಿದ್ದೆ.

ಜೆಸಿಬಿ ಹತ್ತಕ್ಕೆ ಬಂತು. ಮಾಯಮ್ಮ ಬಾವಿಕಟ್ಟೆಗೆ ಅರಿಶಿನ ಕುಂಕುಮ ಇಟ್ಟು, ಹೂವು ಒಳಗೆ ಹಾಕಿ, ಕೈಮುಗಿದು ಪಕ್ಕಕ್ಕೆ ಬಂದಳು. ಬೃಂದಾ ಬೆಳಿಗ್ಗೆ ಏಳಕ್ಕೇ ಇಳಿದು ಕೊನೆಯ ಸಲ ಅಳತೆ ತೆಗೆದಿದ್ದಳು. ಗೋಡೆಯ ಚಿತ್ರ, ಒಂದೊಂದು ತುಂಡಿನ ಉದ್ದ ಅಗಲ, ಗೆರೆಗಳ ದಿಕ್ಕು. ನಾನೂ ಒಂದು ಸಲ ಇಳಿದೆ. ನೋಡಬೇಕಾದ್ದೇನೂ ಉಳಿದಿರಲಿಲ್ಲ. ಬಿಳಿ ತುಂಡಿನ ಮೇಲೆ ಕೈಯಿಟ್ಟು ಬಂದೆ. ತಣ್ಣಗಿತ್ತು.

"ಅಷ್ಟು ಬೇಕಾದ್ರೆ ಆ ಕಲ್ಲು ಕಿತ್ಕೊಡ್ತೀನಿ ಕಣಮ್ಮ, ತಕೊಂಡೋಗಿ ಮನೇಲಿ ಇಟ್ಕಳಿ," ಎಂದ ಚಲುವಯ್ಯ.

ಗೋಡೆಯಲ್ಲಿದ್ದರೇ ಅದಕ್ಕೆ ಬೆಲೆ, ಕಿತ್ತರೆ ಬರೀ ಕಲ್ಲು ಎಂದೆ. ಹೌದೇನೋ ಎನ್ನುವ ಹಾಗೆ ತಲೆಯಾಡಿಸಿದ.

ಎರಡು ಗಂಟೆಗೆ ಮುಗಿಯಿತು. ಅಲ್ಲಿ ಬಾವಿ ಇತ್ತೆಂದು ಹೇಳಿದರೆ ಯಾರೂ ನಂಬುವುದಿಲ್ಲ. ಕೆಂಪು ಮಣ್ಣು, ಜೆಸಿಬಿಯ ಚಕ್ರದ ಗುರುತು. ಶುಂಠಿಯವನು ಆಗಲೇ ದಾರ ಹಿಡಿದು ಏರುಮಡಿ ಗುರುತಿಸುತ್ತಿದ್ದ. ಬೃಂದಾ ಮುಖ ತೊಳೆದುಕೊಳ್ಳುವ ನೆಪದಲ್ಲಿ ತೊಟ್ಟಿಯ ಹತ್ತಿರ ಬಹಳ ಹೊತ್ತು ನಿಂತಿದ್ದಳು.

ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಗೆ ಕಾಯುವಾಗ ಮಹದೇವಪ್ಪನವರ ಫೋನ್.

"ಮುಚ್ಚಾಯ್ತಾ?"

"ಆಯ್ತು."

"ಸರಿ ಮೇಡಂ."  ಫೋನ್ ಇಟ್ಟರು.

ಇನ್ನು ಇರುವುದು ನಾವು ಬರೆದಿಟ್ಟದ್ದು ಮಾತ್ರ.

ಮಾರ್ಚ್ 22. ಶನಿವಾರ. ಮಧ್ಯಾಹ್ನ.

ಹನ್ನೊಂದರ ಬಸ್ಸಿಗೆ ಮಹದೇವಪ್ಪನವರು ಬಂದರು. ಕರಡು ಪ್ಲಾಸ್ಟಿಕ್ ಕವರಿನಲ್ಲಿ, ಜೊತೆಗೆ ಚಾಮುಂಡಮ್ಮ ಕಳಿಸಿದ ಹುಣಸೆಹಣ್ಣು ಎರಡು ಕೆ.ಜಿ. ಊಟ ಮಾಡಿದರು. ಈಗ ಹಾಲಿನಲ್ಲಿ ಇವರ ಜೊತೆ ಕೂತು ತಂಬಾಕಿನ ರೇಟು ಮಾತಾಡುತ್ತಿದ್ದಾರೆ. ನಾನು ಡೈನಿಂಗ್ ಟೇಬಲ್ಲಿನಲ್ಲಿ.

ನಾಲ್ಕು ಪುಟ ತುಂಬ ಕೆಂಪು ಶಾಯಿ. ಬೃಂದಾ ಬರೆದ ಭಾಗದಲ್ಲಿ ಎರಡು ಕಡೆ ದಿಕ್ಕು ತಪ್ಪಿದ್ದನ್ನು ಹಿಡಿದಿದ್ದಾರೆ, ಮೂವತ್ತೇಳು ವರ್ಷದ ನೆನಪಿನಿಂದ. ಫೋನಿನಲ್ಲಿ ಕೇಳಿದ್ದಕ್ಕೆ ಬೃಂದಾ ಬರೆದಿಟ್ಟ ಅಳತೆ ತೆಗೆದು ನೋಡಿದಳು, ಅವರದೇ ಸರಿ. ಮಿಕ್ಕದ್ದೆಲ್ಲ ಒಪ್ಪಿದ್ದಾರೆ. ಉಳಿದಿರುವುದು ನಾನು ಬರೆದ ಒಂದು ವಾಕ್ಯ, ಮೂರನೇ ಪುಟದಲ್ಲಿ.

'1988ರ ಕ್ಷೇತ್ರಕಾರ್ಯದಲ್ಲಿ ಈ ತುಣುಕುಗಳು ಗಮನಕ್ಕೆ ಬಂದಿರಲಿಲ್ಲ.'

ಕೆಳಗೆ ಕೆಂಪು ಗೆರೆ. ಪಕ್ಕದಲ್ಲಿ ಸಣ್ಣಗೆ — ಯಾರ ಗಮನಕ್ಕೆ?

ಊಟಕ್ಕೆ ಮೊದಲು ತಿದ್ದಿ ಕೊಟ್ಟೆ. 'ತುಣುಕುಗಳನ್ನು ಮಹದೇವಪ್ಪ ಗುರುತಿಸಿದ್ದರು; ನಕ್ಷೆ ತಯಾರಿಸಿದ ಸುಕನ್ಯ ಅದನ್ನು ಪರಿಶೀಲಿಸಿರಲಿಲ್ಲ.' ನಿಂತೇ ಓದಿದರು. ಕನ್ನಡಕದ ಮೇಲಿಂದ ನೋಡಿದರು, ಉತ್ತರ ಪತ್ರಿಕೆ ಹಿಂದಕ್ಕೆ ಕೊಡುವ ಹಾಗೆ.

"ಬಾವಿಗೆ ಇಳೀಲಿಲ್ಲ, ಅದು ಸರಿ. ಆದ್ರೆ ಮಾದರಿ ನಿಮ್ಮ ಕೈಗೆ ಕೊಟ್ಟಿದ್ದೆ ಮೇಡಂ. ಜೀಪಿನ ಬಾನೆಟ್ ಮೇಲೆ ಇಟ್ಟು ಲೆನ್ಸಲ್ಲಿ ನೋಡಿದ್ರಿ. ಒಂದು ಕಡೆ ಬೂದುಕಲ್ಲು ಅಂಟ್ಕೊಂಡಿತ್ತು, ಹೆಬ್ಬೆಟ್ಟಿನಷ್ಟು. ಅಂಟಿನ ಜಾಗ ನೀವೇ ಉಗುರಲ್ಲಿ ಕೆರೆದು ನೋಡಿದ್ರಿ."

ನೋಡಿದ್ದೆ. ಹಸಿ ಒಡಕು, ಬಿಳಿಕಲ್ಲೂ ಬೂದುಕಲ್ಲೂ ಒಂದಕ್ಕೊಂದು ಬೆಸೆದುಕೊಂಡಿದ್ದವು. ಮೇಲಿನಿಂದ ಬಿದ್ದ ಕಲ್ಲಿಗೆ ಹಾಗೆ ಅಂಟಿರುವುದಿಲ್ಲ. ಆಗ ಬೆರಳು ಅಲ್ಲಿಂದ ತೆಗೆದದ್ದು, ಇವತ್ತು ಅವರು ಹೇಳಿದ ಮೇಲೆ ಉಗುರಿನ ತುದಿಗೆ ನೆನಪಾಯಿತು.

"ಬೇಡ ಅಂದ್ರೆ ಬುಡಿ, ಇಷ್ಟೇ ಇರ್ಲಿ," ಎಂದರು. ಸಿಟ್ಟಿಲ್ಲದೆ. ನಿಜಕ್ಕೂ ಬಿಡುವವರ ಹಾಗೆ.

ಬಿಡುವುದು ಬೇಡ, ಊಟ ಆದ ಮೇಲೆ ಬರೆಯುತ್ತೇನೆ ಎಂದೆ. ಮೂರೂವರೆಗೆ ಅವರ ಬಸ್ಸು. ಬೃಂದಾ ಸಂಜೆಯೊಳಗೆ ಪತ್ರಿಕೆಗೆ ಕಳಿಸಬೇಕು. ಇಲ್ಲಿ ಮೊದಲು ಬರೆದು ನೋಡಿ, ಸರಿ ಬಂದರೆ ಅಲ್ಲಿಗೆ ಇಳಿಸುತ್ತೇನೆ. 'ಸುಕನ್ಯ' ಎಂದು ಬೇರೆ ಯಾರೋ ಎನ್ನುವ ಹಾಗೆ ಬರೆಯುವುದಿಲ್ಲ.

'ಬೆಣಚುಕಲ್ಲಿನ ಈ ತುಣುಕನ್ನು 11 ಮಾರ್ಚ್ 1988ರಂದು ಮಹದೇವಪ್ಪ ಅವರು ಬಾವಿಯ ಪೂರ್ವದ ಗೋಡೆಯಲ್ಲಿ ಗುರುತಿಸಿ, ಮಾದರಿಯನ್ನು ಮೇಲೆ ತಂದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮೇಲಿನಿಂದ ಬಿದ್ದ ಕಲ್ಲು ಎಂದು ದಾಖಲಿಸಿ ಕೈಬಿಟ್ಟೆ. ಅದು ಹಾಗಲ್ಲ ಎನ್ನುವುದು ಆ ದಿನವೇ ನನಗೆ ಗೊತ್ತಿತ್ತು.'